ಮೊಳೆ ಹೊಡೆಯದ ದೋಣಿ

ಕೃಷ್ಣೆಯ ದಡದಲ್ಲಿ ಗದ್ದೆಪ್ಪ ಬೆಳಗಿನಿಂದ ಚಡಪಡಿಸುತ್ತಿದ್ದ. ಅವನ ಹಳೆಯ ಹಾಯಿದೋಣಿಯ ಅಂಚಿಗೆ ಬಡಿದಿದ್ದ ಜಾಲಿ ಮರದ ಪಟ್ಟಿ ಸವೆದು ಕಿತ್ತುಹೋಗಿತ್ತು. ಪಟ್ಟಿಯಿಲ್ಲದೆ ದಡದ ಬಂಡೆಗೆ ತಾಕಿದರೆ ಹಲಗೆಯೇ ಸೀಳೀತು. ಸಂಜೆಗೆ ತುಂಬು ಬಸುರಿ ಮಗಳು ಲಲಿತಾಳನ್ನು ಆಚೆ ದಡದಿಂದ ಕರೆತರಬೇಕು.

ಹೊಸ ಪಟ್ಟಿಯಿಟ್ಟು ಸುತ್ತಿಗೆ ಎತ್ತಿದರೆ ಹೆಂಡತಿ ಯಂಕಮ್ಮ ತಡೆದಳು.

“ಬಸುರಿ ಕೂಡೋ ದೋಣಿಗಿ ಮೊಳಿ ಹೊಡೀತಾರೇನ್ರಿ? ಕೂಸಿಗಿ ಪೆಟ್ಟಾಗ್ತದ.”

“ಮತ್ತ ನಿನ್ನ ಮಾತಿಲೆ ಅಂಟಸಲೇನು?”

“ಹಗ್ಗಲೆ ಬಿಗೀರಿ. ಹೊಳಿ ಗಂಗವ್ವನ್ನ ನೆನೀರಿ.”

ಬಂಡಿಯ ಹಗ್ಗದಿಂದ ಪಟ್ಟಿಯನ್ನು ದೋಣಿಗೆ ಸುತ್ತಿ ಬಿಗಿದ. ಸಂಜೆ ಮಗಳನ್ನು ಕರೆತರುವಾಗ ದಾರಿಯುದ್ದಕ್ಕೂ ಒಂದೊಂದೇ ಗಂಟನ್ನು ಮುಟ್ಟಿ ಮುಟ್ಟಿ ನೋಡಿದ. ಕೊನೆಗೆ ದೋಣಿ ಧಡ್ಡೆಂದು ಬಂಡೆಗೆ ತಾಕಿತು. ಹಗ್ಗ ಜಗ್ಗಿತು, ಹಲಗೆ ಉಳಿಯಿತು.

“ಯಪ್ಪಾ, ಕೂಸಿಗಿ ಎಚ್ಚರಾಗಿಲ್ಲ,” ಎಂದಳು ಲಲಿತಾ. “ಕೈ ಹಿಡಿ, ಇಳೀತೀನಿ.”