ಏಳನೆಯ ಎಲೆ

"ಇನ್ನೊಂದು ಎಲೆ ಹಾಕಿ ಅಮ್ಮಾ. ದೂಮಪ್ಪನವರಿಗೆ," ಎಂದಳು ಸಾಕ್ಷ್ಯಚಿತ್ರ ಮಾಡಲು ಬಂದ ಚಿತ್ರಾ, ಕ್ಯಾಮೆರಾದವನ ಪಕ್ಕದಿಂದ.

ಶಶಿಪ್ರಭಾಳ ಕೈಯಲ್ಲಿದ್ದ ಸೌಟು ಪಾತ್ರೆಯ ಬಾಯಲ್ಲೇ ನಿಂತಿತು. ನೆಲದ ಮೇಲೆ ಆರು ಕುಡಿ ಬಾಳೆಎಲೆಗಳಿದ್ದವು. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆ ಬಡಿಸುವುದು ಅವಳಿಗೆ ಹೊಸತಲ್ಲ. ಮೂವತ್ತೊಂದು ವರ್ಷದಿಂದ ಇದೇ ಕೋಣೆ, ಇದೇ ಆರು ಎಲೆ. ಹಳೆಮನೆ ಕೆಡವಿ ಟೆರೇಸಿನ ಮನೆ ಕಟ್ಟಿಸಿದಾಗಲೂ ಈ ಒಂದು ಕೋಣೆಯನ್ನು ಮುಟ್ಟಿರಲಿಲ್ಲ. ಅನ್ನ, ಕೋಳಿ ಪದಾರ್ಥ ಬಡಿಸಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಬಾಗಿಲು ಎಳೆದುಕೊಂಡು ಹೊರಗೆ ಕಾಯಬೇಕು. ಅವರದು ಆಯಿತು ಅನ್ನಿಸಿದ ಮೇಲೆ ಮೂರು ಸಲ ಕೆಮ್ಮಿ ಬಾಗಿಲು ತೆಗೆಯಬೇಕು. ಏಳನೆಯ ಎಲೆಯನ್ನು ಈ ಮನೆಯಲ್ಲಿ ಯಾರೂ ಹಾಕಿದ್ದಿಲ್ಲ.

"ಅವರಿಗೆ ಇಲ್ಲಿ ಹಾಕುವ ಕ್ರಮ ಇಲ್ಲ ಮಗಾ."

"ಯಾಕಮ್ಮಾ? ಅವರು ಕೊನೇ ಊಟ ಮಾಡಿದ್ದೇ ಈ ಮನೇಲಿ ಅಂತ ನಿಮ್ಮ ತಮ್ಮನವರೇ ಹೇಳಿದ್ರು. ನಮ್ಮ ಸಾಕ್ಷ್ಯಚಿತ್ರ ಮುಗಿಯೋದೇ ಆ ಊಟದಿಂದ."

ತಮ್ಮ ಚಿನ್ನಯ್ಯ ಜರಿ ಶಾಲು ಹೊದ್ದು ಬಾಗಿಲ ಬಳಿ ನಿಂತಿದ್ದ. ಮೂಡುಬಿದಿರೆಯಲ್ಲಿ ಹೊಟೇಲು ನಡೆಸುವವನು, ಈ ದಿನಕ್ಕೆಂದೇ ಬಾಗಿಲು ಹಾಕಿ ಬಂದಿದ್ದ. ಬ್ರಿಟಿಷರ ಕುಂಪಣಿ ಸರಕಾರದ ವಿರುದ್ಧ ಘಟ್ಟದ ಬುಡದಿಂದ ದಂಡು ಕಟ್ಟಿಕೊಂಡು ಇಳಿದ ದೂಮಪ್ಪ ತಮ್ಮ ಮನೆಯವರೆಂದು ಹತ್ತು ವರ್ಷದಿಂದ ಸಭೆ ಸಭೆಯಲ್ಲಿ ಹೇಳಿಕೊಂಡು ಬಂದಿದ್ದ. ಈಗ ಊರು ನಂಬಿತ್ತು. ಫರಂಗಿಪೇಟೆಯ ಹತ್ತಿರ ಹೆದ್ದಾರಿ ಪಕ್ಕ ಪ್ರತಿಮೆ ನಿಲ್ಲಿಸುವ ಮಾತೂ ಆಗಿತ್ತು.

"ಹಾಕು ಮಾರಾಯ್ತಿ," ಎಂದ. "ಟೀವಿಯಲ್ಲಿ ಬರ್ಲಿಕ್ಕೆ ನಾಚಿಕೆಯಾ ನಿನಗೆ?"

"ನಾಚಿಕೆ ನಿನಗೆ ಇರ್ಬೇಕಿತ್ತು. ಬೆಳಿಗ್ಗೆಯಿಂದ ಮೂರು ಸಲ ಪೌಡರ್ ಹಾಕಿದ್ದಿ."

ಕ್ಯಾಮೆರಾದವನು ನಕ್ಕ. ಶಶಿಪ್ರಭಾ ನಗಲಿಲ್ಲ.

ಗಂಡಸರಿಗೆ ಗೊತ್ತಿದ್ದದ್ದು ಇಷ್ಟೇ: ದೂಮಪ್ಪ ತಮ್ಮ ತಂಗಿ ಅಕ್ಕಮ್ಮನಿದ್ದ ಈ ಮನೆಗೆ ಬಂದರು, ಉಂಡರು, ಹೊಳೆ ದಾಟುವಾಗ ಸಿಕ್ಕಿಬಿದ್ದರು, ಕುಂಪಣಿಯವರು ಗಲ್ಲಿಗೆ ಹಾಕಿದರು. ಬಡಿಸುವ ಹೆಂಗಸರ ಕಥೆ ಬೇರೆ. ಅದು ತಾಯಿಯಿಂದ ಮಗಳಿಗೆ ಮಾತ್ರ ಹೋಗುವಂಥದ್ದು. ಶಶಿಪ್ರಭಾಳ ಅಮ್ಮ ಸಾಯುವ ಮೊದಲಿನ ವಾರ ಎಲ್ಲರನ್ನೂ ಹೊರಗೆ ಕಳಿಸಿ ಹೇಳಿದ್ದಳು.

"ಅವರು ಉಣ್ಲೇ ಇಲ್ಲ ಮಗಾ. ಅಕ್ಕಮ್ಮ ಎಲೆ ಹಾಕಿ ಕೂರಿಸಿದ್ದು ಹೌದು. ಆದರೆ ಅದಕ್ಕೆ ಮೊದಲೇ ಸಿಪಾಯಿಗಳಿಗೆ ಸುದ್ದಿ ಕಳಿಸಿದ್ದಳು. ಹಿಡಿದು ಕೊಡದಿದ್ದರೆ ಮನೆ ಸುಡ್ತೇವೆ ಅಂತ ಅವರು ಹೆದರಿಸಿ ಹೋಗಿದ್ದರಂತೆ. ತೊಟ್ಟಿಲಲ್ಲಿ ಹೆಣ್ಣುಕೂಸು ಇತ್ತು. ಮೊದಲ ತುತ್ತು ಎತ್ತುವಾಗ ಅಂಗಳದಲ್ಲಿ ಬೂಟಿನ ಸದ್ದು. ಕಲಸಿದ ಕೈಯಲ್ಲೇ ಎಬ್ಬಿಸಿಕೊಂಡು ಹೋದರು. ಅವರಿಗೆ ಎಲೆ ಹಾಕಬೇಡ. ಹಾಕಿದರೆ ಬರ್ತಾರೆ. ಬಂದರೆ ಏನು ಹೇಳ್ತಿ?"

ಆ ತೊಟ್ಟಿಲ ಕೂಸಿನಿಂದಲೇ ಇವರೆಲ್ಲ ಹುಟ್ಟಿ ಬಂದದ್ದು. ಶಶಿಪ್ರಭಾಗೆ ಹೆಣ್ಣುಮಕ್ಕಳಿಲ್ಲ. ತನ್ನೊಂದಿಗೆ ಮುಗಿದು ಹೋಗಲಿ ಎಂದುಕೊಂಡಿದ್ದಳು. ಆದರೂ ಪ್ರತಿ ಆಟಿಯಲ್ಲಿ ಆರು ಎಲೆ ಹಾಕಿ ಬಾಗಿಲು ಎಳೆಯುವಾಗ, ಗೋಡೆಗೊರಗಿ ಇನ್ನೊಬ್ಬರು ಕಾದು ಕೂತ ಹಾಗೆ ಅವಳ ಬೆನ್ನು ತಣ್ಣಗಾಗುತ್ತಿತ್ತು. ಮದುವೆ ಮನೆಗಳಲ್ಲಿ ಯಾರಾದರೂ ಅರ್ಧ ಊಟದಲ್ಲಿ ಎದ್ದರೆ ಅವಳ ತುತ್ತೂ ಎಲೆಯಲ್ಲೇ ಉಳಿಯುತ್ತಿತ್ತು.

"ಇದರಲ್ಲಿ ಏನು ದೊಡ್ಡದು ಉಂಟು?" ಎಂದ ಚಿನ್ನಯ್ಯ. ಕ್ಯಾಮೆರಾದ ಕಡೆ ಮುಖ ಮಾಡಿ, ಬಡಿಸಿಟ್ಟ ಅನ್ನದ ಮುಂದೆ ಕೈಮುಗಿದು, ಸಭೆಯ ದನಿಯಲ್ಲಿ ಕರೆದೇ ಬಿಟ್ಟ. "ದೂಮಪ್ಪಜ್ಜ, ಬನ್ನಿ. ಉಣ್ಣಿ."

ಹೆದ್ದಾರಿಯಲ್ಲಿ ಟ್ಯಾಂಕರ್ ಒಂದು ಏರು ಹತ್ತುತ್ತಿದ್ದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಎಂಥ ಕೆಲಸ ಮಾಡಿದೆ ಚಿನ್ನಯ್ಯ," ಎಂದಳು ಶಶಿಪ್ರಭಾ, ಮೆಲ್ಲಗೆ. ಬೇಯಿಸಿದ ಅನ್ನದ ಮುಂದೆ ಹೆಸರು ಹಿಡಿದು ಕರೆದ ಮೇಲೆ ಎಲೆ ಹಾಕದೆ ಇರುವ ಹಾಗಿಲ್ಲ. ಅವಳು ಎದ್ದು ಒಂದು ಎಲೆ ತಂದಳು, ಒರೆಸಿದಳು. ಅಕ್ಕಮ್ಮನ ಎಲೆಯ ಎದುರು ಗೋಡೆಗೆ ಹತ್ತಿಸಿ ಹಾಕಿದಳು.

"ಅಲ್ಲಿ ಫ್ರೇಮಿಗೆ ಬರಲ್ಲಮ್ಮ. ಮಧ್ಯಕ್ಕೆ ಹಾಕ್ತೀರಾ?"

"ಅಲ್ಲಿಯೇ ಆಗಬೇಕು. ಅವರಿಗೆ ಬಾಗಿಲು ಕಾಣಬೇಕು."

ಉಳಿದವರಿಗಿಂತ ಎರಡು ಸೌಟು ಹೆಚ್ಚೇ ಬಡಿಸಿದಳು. ಆರು ಜನರನ್ನು ವಾಡಿಕೆಯ ದನಿಯಲ್ಲಿ ಕರೆದಳು. ಏಳನೆಯ ಎಲೆಯ ಮುಂದೆ ಮಾತ್ರ ಮಂಡಿಯೂರಿ ಕೂತು, ಜ್ವರದ ಮಗುವಿಗೆ ಹೇಳುವ ಹಾಗೆ ತುಳುವಿನಲ್ಲಿ ಹೇಳಿದಳು: "ಈ ಸಲ ಯಾರೂ ಬರುವುದಿಲ್ಲ. ನಿಧಾನ ಉಣ್ಣಿ."

ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಎಳೆದಳು. ಹೊಸ್ತಿಲ ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

ಹತ್ತು ನಿಮಿಷ ಹೋಯಿತು, ಇಪ್ಪತ್ತು ಹೋಯಿತು. ಚಿತ್ರಾ ಆಕಾಶ ನೋಡಿದಳು. "ಆಯ್ತಾ ಅಮ್ಮಾ? ಬೆಳಕು ಹೋಗ್ತಾ ಇದೆ."

"ಕೆಮ್ಮು ಅಕ್ಕ," ಎಂದ ಚಿನ್ನಯ್ಯ. "ಪ್ರತಿಮೆ ಸಮಿತಿಯ ಕಮಲಾಕ್ಷನವರೂ ಇಲ್ಲಿಗೆ ಹೊರಟಿದ್ದಾರೆ, ದೂಮಪ್ಪಜ್ಜನ ಹೆಸರಲ್ಲಿ ಹಾರ ಹಾಕ್ಲಿಕ್ಕೆ."

"ಉಳಿದವರದ್ದು ಆಗಿರಬಹುದು. ಅವರದ್ದು ಆಗಲಿಲ್ಲ."

"ನಿನಗೆ ಹೇಗೆ ಗೊತ್ತು?"

ಶಶಿಪ್ರಭಾ ತಮ್ಮನನ್ನು ಹತ್ತಿರ ಕೂರಲು ಹೇಳಿದಳು. ತುಳುವಿನಲ್ಲಿ, ನಾಲ್ಕೈದು ಮಾತಿನಲ್ಲಿ, ಅಮ್ಮ ಹೇಳಿದ್ದನ್ನು ಹೇಳಿದಳು. ತಾಯಿಯಿಂದ ಮಗಳಿಗೆ ಬಂದದ್ದು ಮೊದಲ ಸಲ ಗಂಡಸೊಬ್ಬನ ಕಿವಿಗೆ ಬಿತ್ತು.

ಚಿನ್ನಯ್ಯ ಅವಳ ಕಡೆ ತಿರುಗಿದ. "ನಮ್ಮ ಅಕ್ಕಮ್ಮನಾ?"

"ನಮ್ಮ ಅಕ್ಕಮ್ಮನೇ."

"ಇಷ್ಟು ವರ್ಷ ನಾನು ಮೈಕಿನಲ್ಲಿ ಬೊಬ್ಬೆ ಹಾಕುವಾಗ ನೀನು ಸುಮ್ಮನೆ ಕೂತಿದ್ದಿ."

"ನಿನಗೆ ಸಂತೋಷ ಆಗ್ತಾ ಇತ್ತು, ಮತ್ತೆ ಏನು ಹೇಳುವುದು?"

"ಏನಂದ್ರು ಸಾರ್?" ಎಂದು ಕೇಳಿದಳು ಚಿತ್ರಾ. "ಕ್ಯಾಮೆರಾಗೆ ಕನ್ನಡದಲ್ಲಿ ಹೇಳ್ತಾರಾ?"

ಚಿನ್ನಯ್ಯ ಎದ್ದು ನಿಂತ. ಶಾಲು ತೆಗೆದು ಕುರ್ಚಿಯ ಮೇಲಿಟ್ಟ.

ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಹಾರ್ನ್ ಕೇಳಿತು. ಎರಡು ಜೀಪು. ಬಾಗಿಲುಗಳು ದಡಬಡ ತೆರೆದುಕೊಂಡವು, ಜಲ್ಲಿಯ ಮೇಲೆ ಹಲವು ಕಾಲುಗಳ ಸದ್ದಾಯಿತು. ಶಶಿಪ್ರಭಾಳ ಬೆನ್ನು ಬಾಗಿಲಿಗೆ ಇನ್ನೂ ಗಟ್ಟಿಯಾಗಿ ಒತ್ತಿತು. ಎರಡು ಕೈಯನ್ನೂ ಹಿಂದಕ್ಕೆ ಚಾಚಿ ಚೌಕಟ್ಟು ಹಿಡಿದುಕೊಂಡಳು.

ಚಿನ್ನಯ್ಯ ಚಪ್ಪಲಿಯನ್ನೂ ಹಾಕದೆ ಅಂಗಳಕ್ಕೆ ಇಳಿದ. ಅರವತ್ತೆಂಟರ ಮನುಷ್ಯ, ಓಡಿದ. ಅವರು ಒಳಗೆ ಕಾಲಿಡುವ ಮೊದಲೇ ಗೇಟನ್ನು ಎಳೆದು ಚಿಲಕ ಹಾಕಿದ.

"ಎಂಥದು ಚಿನ್ನಯ್ಯಣ್ಣ, ನೀವೇ ಕರೆದು ನೀವೇ ಗೇಟು ಹಾಕುವುದಾ?" ಎಂದ ಕಮಲಾಕ್ಷ, ಆಚೆಯಿಂದ.

"ಸ್ವಲ್ಪ ನಿಲ್ಲಿ. ಒಳಗೆ ಊಟ ಆಗ್ತಾ ಉಂಟು."

"ಯಾರದ್ದು ಈ ಹೊತ್ತಿಗೆ?"

ಚಿನ್ನಯ್ಯ ತುಟಿಯ ಮೇಲೆ ಬೆರಳಿಟ್ಟ. ಅವನ ಮುಖ ನೋಡಿ ಕಮಲಾಕ್ಷ ಮತ್ತೆ ಕೇಳಲಿಲ್ಲ. ಹಿಂದೆ ತಿರುಗಿ ಕೈಸನ್ನೆ ಮಾಡಿದ. ಒಂದರ ಹಿಂದೆ ಒಂದು ಇಂಜಿನುಗಳು ನಿಂತವು. ಸಣ್ಣಗೆ ಹನಿಯತೊಡಗಿತ್ತು. ಹತ್ತು ಹನ್ನೆರಡು ಜನ, ದೊಡ್ಡ ಹಾರವನ್ನು ಇಬ್ಬರು ಎರಡು ತುದಿಯಲ್ಲಿ ಎತ್ತಿ ಹಿಡಿದುಕೊಂಡು, ಗೇಟಿನಾಚೆ ಮಾತಿಲ್ಲದೆ ನಿಂತರು.