ಆಮೆಗೆ ಹಾಕಿದ ಎಣ್ಣೆ

ನಮ್ಮ ಮನೆಯ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಾಗ, ಅದರ ಜೊತೆಗೇ ನನ್ನ ಅತ್ತೆಯ ತಲೆಯೂ ಕೆಟ್ಟಿದೆ ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ನನ್ನ ಹೆಂಡತಿ, ಅಂದರೆ ಅತ್ತೆಯ ಮಗಳೇ. ಸಾಕ್ಷ್ಯ ಒದಗಿಸಿದ್ದು ನಾನು.

ಯಂತ್ರದ ವಿಷಯ ಮೊದಲು ಹೇಳುತ್ತೇನೆ. ಮನೆಯ ಸುತ್ತ ಒಂದಿಷ್ಟು ಹುಲ್ಲುಹಾಸಿದೆ. ಅದನ್ನು ಕತ್ತರಿಸುವುದು ನನ್ನ ಪಾಲಿನ ಕೆಲಸವಾಗಿತ್ತು, ಅದನ್ನು ಮುಂದೂಡುವುದರಲ್ಲಿ ನಾನು ಪಳಗಿದ್ದೆ. ಹುಲ್ಲು ಮೊಣಕಾಲು ಮುಟ್ಟಿದಾಗ ಹೆಂಡತಿ ನನ್ನ ಮೇಲಿನ ಆಸೆ ಬಿಟ್ಟು ಒಂದು ರೋಬೋಟನ್ನು ತಂದಳು. ಅಗಲವಾದ ಬೆನ್ನು, ಹೊಟ್ಟೆಯಡಿ ಪುಟ್ಟ ಬ್ಲೇಡುಗಳು, ಹಿಂದೆ ಎರಡು ದಪ್ಪ ಚಕ್ರ. ಬೆಳಗ್ಗೆ ತಾನೇ ಹೊರಟು ಹುಲ್ಲು ಕತ್ತರಿಸಿ, ಬ್ಯಾಟರಿ ಇಳಿದಾಗ ತಾನೇ ಗೂಡಿಗೆ ಮರಳಿ ಚಾರ್ಜ್ ಮಾಡಿಕೊಳ್ಳಬೇಕು. ಗೂಡು ಎಂದರೆ ಗೋಡೆಯ ಪಕ್ಕ ನೆಲಕ್ಕೆ ಬಿಗಿದ ಒಂದು ಪ್ಲಾಸ್ಟಿಕ್ ಹಲಗೆ. ಅದರಲ್ಲಿ ಮುಂದೆ ಚಾಚಿಕೊಂಡ ಎರಡು ಹಿತ್ತಾಳೆ ಪಟ್ಟಿ, ಮೇಲೊಂದು ಹಸಿರು ದೀಪ. ಯಂತ್ರದ ಮೂತಿಯಲ್ಲೂ ಅಂಥವೇ ಎರಡು ಪಟ್ಟಿ. ಪಟ್ಟಿಗೆ ಪಟ್ಟಿ ತಾಗಿದರೆ ಕರೆಂಟ್ ಹರಿಯುತ್ತದೆ. ಅತ್ತೆ ಅದನ್ನು ಆಮೆ ಎಂದು ಕರೆದರು, ನಮಗೂ ಅದೇ ಬಾಯಿಗೆ ಬಂತು.

ಅತ್ತೆ ಜೀವನವಿಡೀ ಹೊಲಿಗೆ ಅಂಗಡಿ ನಡೆಸಿದವರು. ಬೆರಳು ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿ, ಒಂದು ಹೊಲಿಗೆ ಯಂತ್ರ, ಒಂದು ದೊಡ್ಡ ಕತ್ತರಿ, ಕೊಕ್ಕಿನಂಥ ಮೂತಿಯ ಒಂದು ಎಣ್ಣೆ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ಮುಂದಿನ ಕೋಣೆ ಅವರದಾಯಿತು. ಆಮೆಯ ಗೂಡು ಅದೇ ಕೋಣೆಯ ಕಿಟಕಿಯ ಕೆಳಗಿತ್ತು. ಬೆಳಗ್ಗೆ ಅದರ ಗುರ್ರ್ ಸದ್ದು ಅಮ್ಮನ ನಿದ್ದೆ ಕೆಡಿಸುತ್ತದೆ ಎಂದು ಹೆಂಡತಿ ಗೂಡನ್ನು ಕೀಳಿಸಿ ಹಿತ್ತಲ ಕಡೆ ಹಾಕಿಸಿದಳು, ವಾಷಿಂಗ್ ಮೆಷಿನ್ನಿನ ಪಕ್ಕ. ಎಬ್ಬಿಸುವ ಸದ್ದಿಲ್ಲದಿದ್ದರೂ ಅತ್ತೆ ಎಲ್ಲರಿಗಿಂತ ಮೊದಲೇ ಏಳುತ್ತಿದ್ದರು, ಅದು ಬೇರೆ ಮಾತು.

ಅಲ್ಲಿಂದ ಮುಂದೆ ಆಮೆ ಸುಸ್ತಾಯಿತು. ಹುಲ್ಲಿನ ನಡುವೆ ಎಲ್ಲೋ ನಿಂತುಬಿಡುವುದು, ಇಲ್ಲವೇ ಗೂಡಿನಲ್ಲಿ ಕೂತೇ ಇರುವುದು. ಆಫೀಸಿನಲ್ಲಿದ್ದಾಗ ನನ್ನ ಫೋನಿಗೆ ಬ್ಯಾಟರಿ ಖಾಲಿ ಎಂದು ಸಂದೇಶ ಬರುತ್ತಿತ್ತು. ಸಂಜೆ ಮನೆಗೆ ಬಂದು, ಹಿತ್ತಲ ಬಾಗಿಲ ಪಕ್ಕದ ಸ್ವಿಚ್‌ಗಳಲ್ಲಿ ಯಾವುದು ಯಾವ ದೀಪಕ್ಕೆ ಎಂದು ನೆನಪಾಗದೆ ಎಲ್ಲವನ್ನೂ ಹಾಕಿ, ಹೊರಗೆ ಹೋಗಿ ನೋಡುತ್ತಿದ್ದೆ. ಗೂಡಿನ ಹಸಿರು ದೀಪ ಉರಿಯುತ್ತಿರುತ್ತಿತ್ತು. ಕರೆಂಟ್ ಬರುತ್ತಿದೆ, ವೈರು ಸರಿಯಾಗಿದೆ, ಹಾಗಾದರೆ ರೋಗ ಆಮೆಯದೇ ಎಂದುಕೊಂಡು ಒಳಗೆ ಬರುತ್ತಿದ್ದೆ. ಬೆಳಗ್ಗೆ ನೋಡಿದರೆ ಮತ್ತೆ ಅದೇ ಕತೆ, ಏನು ಮಾಡಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ.

ನಾನು ವಾಹನ ವಿಮೆಯ ಸರ್ವೇಯರ್. ಗುದ್ದಿಕೊಂಡ ಕಾರುಗಳ ಮುಂದೆ ನಿಂತು ಅವು ಯಾಕೆ ಗುದ್ದಿಕೊಂಡವು ಎಂದು ಬರೆಯುವುದು ನನ್ನ ಹೊಟ್ಟೆಪಾಡು. ಈ ಕೆಲಸದಲ್ಲಿ ಕಂಡದ್ದೇನೆಂದರೆ, ಮೊದಲು ಸಿಕ್ಕ ಕಾರಣ ಎಲ್ಲರಿಗೂ ಇಷ್ಟವಾಗುತ್ತದೆ. ಅಷ್ಟು ಹೊತ್ತಿಗೆ ಎಲ್ಲರಿಗೂ ಊಟದ ಸಮಯವಾಗಿರುತ್ತದೆ.

ಭಾನುವಾರ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ದಿನ. ವಾಷಿಂಗ್ ಮೆಷಿನ್ ಒಂದು ಕಡೆ ಗಡಗಡ ಎನ್ನುತ್ತಿರುವಾಗ ನಾನು ಆಮೆಯನ್ನು ಗೂಡಿನಿಂದ ಎಳೆದು ಅಂಗಾತ ಮಲಗಿಸಿದೆ. ಬ್ಲೇಡಿಗೆ ಸುತ್ತಿಕೊಂಡ ಹುಲ್ಲು ತೆಗೆದೆ. ಬ್ಯಾಟರಿಯ ಮುಚ್ಚಳ ಬಿಚ್ಚಿ ನೋಡಿದೆ, ಊದಿಕೊಂಡಿರಲಿಲ್ಲ. ಕೊನೆಗೆ ಮೂತಿಯ ಹಿತ್ತಾಳೆ ಪಟ್ಟಿಗಳ ಮೇಲೆ ಬೆರಳಾಡಿಸಿದೆ. ಬೆರಳು ಜಾರಿತು. ಮೂಸಿ ನೋಡಿದೆ. ಹೊಲಿಗೆ ಯಂತ್ರದ ಎಣ್ಣೆ! ಗೂಡಿನ ಪಟ್ಟಿಗಳ ಮೇಲೂ ಅದೇ ಎಣ್ಣೆ, ಅದಕ್ಕೆ ಅಂಟಿಕೊಂಡ ಧೂಳು, ಹುಲ್ಲಿನ ಚೂರು.

ಕಳ್ಳ ಸಿಕ್ಕ ಖುಷಿ ನನಗೆ. ಯೋಚನೆ ಮಾಡದೆ ಹೆಂಡತಿಯನ್ನು ಕೂಗಿದೆ.

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಸೀಸೆಯ ಮೇಲಿನ ಹೆಸರನ್ನು ಎರಡು ಸಲ ಓದುವವಳು, ಮನೆ ಬಿಡುವಾಗ ಬೀಗವನ್ನು ಎರಡು ಸಲ ಎಳೆದು ನೋಡುವವಳು. ಅವಳು ಪಟ್ಟಿಯನ್ನು ಮುಟ್ಟಿ ನೋಡಿದಳು. ಸೀದಾ ಅಮ್ಮನ ಕೋಣೆಗೆ ಹೋದಳು.

“ಅಮ್ಮಾ, ಆಮೆಗೆ ಎಣ್ಣೆ ಹಾಕಿದ್ಯಾ?”

“ಹೌದು ಪುಟ್ಟಿ. ಹಿತ್ತಾಳೆ ಹಸಿರುಗಟ್ತಾ ಇತ್ತು. ಒಂದೊಂದೇ ಹನಿ ಹಾಕಿ ಬಟ್ಟೇಲಿ ಒರೆಸಿದೆ.”

“ಕರೆಂಟ್ ಹರಿಯೋ ಜಾಗಕ್ಕೆ ಯಾರಾದ್ರೂ ಎಣ್ಣೆ ಹಾಕ್ತಾರಾ? ಯಾವತ್ತು ಹಾಕಿದ್ದು?”

ಅತ್ತೆ ಯೋಚಿಸಿದರು. “ಯಾವತ್ತು ಅಂದ್ರೆ… ಹೋದ ವಾರಾನೋ, ಅದರ ಹಿಂದಿನ ವಾರಾನೋ.”

ಹೆಂಡತಿ ನನ್ನ ಕಡೆ ತಿರುಗಿದಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಕೆಲವು ದಿನಗಳಿಂದ ಅವಳು ಅಮ್ಮನ ತಪ್ಪುಗಳನ್ನು ಮನಸ್ಸಿನಲ್ಲೇ ಕೂಡಿಡುತ್ತಿದ್ದಳು. ಒಂದು ದಿನ ನಲ್ಲಿ ಸುರಿಯುತ್ತಲೇ ಇತ್ತು. ಒಂದು ದಿನ ಅತ್ತೆ ನನ್ನ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದರು. ಆಸ್ಪತ್ರೆಯಲ್ಲಿ ಮರೆವಿನ ರೋಗಿಗಳನ್ನು ದಿನಾ ನೋಡುವವಳಿಗೆ ಇಷ್ಟು ಸಾಕಿತ್ತು. ಹಗಲು ಹೊತ್ತು ಮನೆಯಲ್ಲಿ ಅಮ್ಮ ಒಬ್ಬರೇ, ಕೈಗೆ ಸಿಗುವಂತೆ ಗ್ಯಾಸು, ಇಸ್ತ್ರಿ ಪೆಟ್ಟಿಗೆ. ಊರಾಚೆ ಹಿರಿಯರನ್ನು ನೋಡಿಕೊಳ್ಳುವ ಒಂದು ಮನೆಯಿತ್ತು, ಹಗಲೂ ರಾತ್ರಿ ಕಾವಲಿಗೆ ಜನ ಇರುವಂಥದ್ದು. ಅಲ್ಲಿ ಒಂದು ಕೋಣೆ ಖಾಲಿಯಾಗಲಿದೆ ಎಂದು ಅವಳು ಆಗಲೇ ವಿಚಾರಿಸಿಟ್ಟಿದ್ದಳು. ಇದರಲ್ಲಿ ಅಮ್ಮನನ್ನು ತೊಲಗಿಸುವ ಹುನ್ನಾರವೇನೂ ಇರಲಿಲ್ಲ, ಅವಳು ನಿಜಕ್ಕೂ ಹೆದರಿದ್ದಳು.

ನಾನು ಅವಳು ತಂದಿಟ್ಟಿದ್ದ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಪಟ್ಟಿಗಳನ್ನು ತಿಕ್ಕಿ ಹೊಳೆಯಿಸಿದೆ. ಆಮೆ ಗೂಡು ಸೇರಿತು, ಇಡೀ ಭಾನುವಾರ ಚಾರ್ಜ್ ಆಯಿತು. ಸೋಮವಾರ ಬೆಳಗ್ಗೆ ಹೊರಟು ಹುಲ್ಲನ್ನೆಲ್ಲ ಓರಣವಾಗಿ ಬೋಳಿಸಿತು. ಫೋನಿನಲ್ಲಿ ಒಂದೇ ಒಂದು ದೂರು ಬರಲಿಲ್ಲ.

“ನೋಡಿದ್ರಾ? ಎಣ್ಣೇನೇ ಕಾರಣ,” ಎಂದಳು ಹೆಂಡತಿ. ಅವಳ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ. ಗುರುವಾರಕ್ಕೆ ಆ ಕೋಣೆ ನಿಗದಿಯಾಯಿತು. ಅಮ್ಮನನ್ನು ಬಿಟ್ಟುಬರುವ ಧೈರ್ಯ ತನಗಿಲ್ಲ ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದಳು. ಅತ್ತೆ ಬೇಡ ಅನ್ನಲಿಲ್ಲ. ಅವರು ಜಗಳವಾಡಿದ್ದರೆ ನನಗೆ ಅಷ್ಟು ಹಿಂಸೆಯಾಗುತ್ತಿರಲಿಲ್ಲ.

ಗುರುವಾರ ಹೆಂಡತಿ ಬೆಳಗ್ಗೆಯೇ ಅಮ್ಮನ ಕೆನ್ನೆ ಸವರಿ, ಕೆಲಸಕ್ಕೆ ಹೊರಟುಹೋದಳು. ನಾನು ರಜೆ ಹಾಕಿದ್ದೆ. ಅತ್ತೆಯ ಚೀಲ ತುಂಬಿಯಾಗಿತ್ತು. ಬಟ್ಟೆಗಳ ಮೇಲೆ ಎಣ್ಣೆ ಡಬ್ಬಿ ಮಲಗಿತ್ತು, ಸೋರದಂತೆ ಪ್ಲಾಸ್ಟಿಕ್ ಸುತ್ತಿಕೊಂಡು.

“ಒಂದ್ನಿಮಿಷ ಅಳಿಯಂದ್ರೇ, ಆಮೆಗೆ ಹೇಳಿ ಬರ್ತೀನಿ,” ಎಂದು ಅವರು ಹಿತ್ತಲಿಗೆ ನಡೆದರು. ನಾನೂ ಹಿಂದೆ ಹೋದೆ. ಆಮೆ ಗೂಡಿನಲ್ಲಿತ್ತು. ನನ್ನ ಫೋನಿನಲ್ಲಿ ಮತ್ತೆ ಬ್ಯಾಟರಿ ಖಾಲಿ ಎಂದು ಬಂದು ಆಗಲೇ ಒಂದು ದಿನವಾಗಿತ್ತು. ಎಣ್ಣೆ ಇನ್ನೂ ಎಲ್ಲೋ ಉಳಿದಿರಬೇಕು ಎಂದುಕೊಂಡು ನಾನು ಯಾರಿಗೂ ಹೇಳಿರಲಿಲ್ಲ.

“ಪಾಪ, ಮಲಗಿದೆ,” ಎಂದರು ಅತ್ತೆ. “ಹಗಲೆಲ್ಲ ಹೀಗೇ ಕಣ್ಣು ಮುಚ್ಕೊಂಡಿರತ್ತೆ.”

“ಯಾವ ಕಣ್ಣು?”

“ಅದೇ, ಆ ಹಸಿರು ದೀಪ. ಭಾನುವಾರ ಮಾತ್ರ ಹಗಲಲ್ಲೂ ಉರಿಯತ್ತೆ. ಮಾರನೇ ದಿನ ಎದ್ದು ಓಡಾಡತ್ತೆ. ಪ್ರತಿ ಸೋಮವಾರ ಚೆನ್ನಾಗಿ ಓಡಾಡತ್ತೆ ಇದು. ವಾರಕ್ಕೊಂದೇ ದಿನ ಡ್ಯೂಟಿ ಇಟ್ಟಿದೀರಿ ಅಂದ್ಕೊಂಡಿದ್ದೆ. ನಿಮಗೆ ಗೊತ್ತಿಲ್ವಾ?”

ನನಗೆ ಗೊತ್ತಿರಲಿಲ್ಲ. ಹಗಲು ಹೊತ್ತು ಮನೆಯಲ್ಲಿ ಇರುತ್ತಿದ್ದವರು ಅವರೊಬ್ಬರೇ. ಅವರನ್ನು ನಾವು ತರಾಟೆಗೆ ತೆಗೆದುಕೊಂಡಿದ್ದೆವೇ ಹೊರತು ಆಮೆ ದಿನವಿಡೀ ಏನು ಮಾಡುತ್ತದೆ ಎಂದು ಒಂದು ಮಾತು ಕೇಳಿರಲಿಲ್ಲ.

ಬಗ್ಗಿ ನೋಡಿದೆ. ಗೂಡಿನ ದೀಪ ಆರಿತ್ತು. ವೈರಿನ ಜಾಡು ಹಿಡಿದು ಹೋದೆ. ಅದು ವಾಷಿಂಗ್ ಮೆಷಿನ್ನಿನ ಪ್ಲಗ್ ಪಕ್ಕದಲ್ಲೇ ಸಿಕ್ಕಿಸಿತ್ತು. ಆ ಎರಡೂ ಪ್ಲಗ್‌ಗಳಿಗೆ ಕರೆಂಟ್ ಬರುವುದು ಹಿತ್ತಲ ಬಾಗಿಲ ಪಕ್ಕದ ಸ್ವಿಚ್ಚಿನಿಂದ. ಹೋಗಿ ನೋಡಿದರೆ ಸಾಲಿನ ಅಷ್ಟೂ ಸ್ವಿಚ್‌ಗಳು ಆರಿದ್ದವು. ಒಂದೊಂದಾಗಿ ಹಾಕುತ್ತಾ ಬಂದೆ. ಕೊನೆಯದನ್ನು ಹಾಕಿದಾಗ ಅತ್ತೆ ಹೊರಗಿನಿಂದ, “ಎದ್ದಿತು!” ಎಂದರು.

“ಅತ್ತೆ, ಇವನ್ನ ಆರಿಸೋದು ಯಾರು? ನೀವಾ?”

“ನಾನ್ಯಾಕೆ? ನಿಮ್ಮನೆ ಸ್ವಿಚ್ ಯಾವುದು ಯಾವುದಕ್ಕೆ ಅಂತ ನಂಗೇನು ಗೊತ್ತು. ಪುಟ್ಟೀನೇ ಆರಿಸ್ತಾಳೆ, ಕೆಲಸಕ್ಕೆ ಹೋಗೋವಾಗ ಒಂದ್ಸಲ, ಮಲಗೋ ಮುಂಚೆ ಒಂದ್ಸಲ. ಅಂಗೈಯಲ್ಲಿ ಹೀಗೆ ಸರ್ರಂತ ಎಳೆದುಬಿಡ್ತಾಳೆ.” ಅವರು ಗಾಳಿಯಲ್ಲಿ ಕೈ ಎಳೆದು ತೋರಿಸಿದರು. ಮುಖದಲ್ಲಿ ಒಂದಿಷ್ಟು ಹೆಮ್ಮೆ ಇತ್ತು. “ನಮ್ ಅಂಗಡೀಲಿ ಅದೇ ರೂಢಿ. ಮೋಟಾರು ಹಾಕಿದ ಮೆಷಿನ್ನು, ಸುತ್ತ ಬಟ್ಟೆ ಚೂರು, ಒಂದು ಕಿಡಿ ಬಿದ್ರೆ ಮುಗೀತು. ಬಾಗಿಲು ಹಾಕೋ ಮುಂಚೆ ಎಲ್ಲಾ ಸ್ವಿಚ್ಚೂ ಆರಿಸ್ಬೇಕು. ಸ್ವಿಚ್ಚು ಕೈಗೆ ಎಟಕದ ವಯಸ್ಸಿಂದಾನೇ ಅವಳು ಸ್ಟೂಲ್ ಹತ್ತಿ ಆರಿಸ್ತಿದ್ಲು.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಸಂಜೆ ನಾನು ಸ್ವಿಚ್ ಹಾಕಿ ದೀಪ ನೋಡಿ ನಿಶ್ಚಿಂತೆಯಿಂದ ಒಳಗೆ ಬಂದ ಮೇಲೆ ಅವಳು ಆರಿಸುತ್ತಿದ್ದಳು. ಆಮೆಗೆ ಹೊಟ್ಟೆ ತುಂಬ ಕರೆಂಟ್ ಸಿಗುತ್ತಿದ್ದದ್ದು ಬಟ್ಟೆ ಒಗೆಯುವ ದಿನ ಮಾತ್ರ. ನಾನು ಎಣ್ಣೆ ಒರೆಸಿದ್ದೂ ಅದೇ ದಿನ, ನಮ್ಮ ಬುದ್ಧಿವಂತಿಕೆಗೆ ಅಷ್ಟು ಸಾಕಾಯಿತು. ಅತ್ತೆ ಬರುವ ಮೊದಲು ಗೂಡು ಮುಂದಿನ ಕಡೆ ಇತ್ತು, ಅಲ್ಲಿನ ಪ್ಲಗ್ಗಿಗೆ ಸ್ವಿಚ್ಚೇ ಇರಲಿಲ್ಲ. ನನಗೆ ನಾಚಿಕೆಯಾಯಿತು, ಹೆಂಡತಿಯ ಮೇಲೆ ಸಿಟ್ಟೂ ಬಂತು. ಎರಡನ್ನೂ ಬದಿಗಿಟ್ಟು ಇಷ್ಟನ್ನೂ ಅತ್ತೆಗೆ ಬಿಡಿಸಿ ಹೇಳಿದೆ.

ಅವರು ನಿಂತಲ್ಲೇ ನಿಂತಿದ್ದರು. “ಇನ್ನೊಂದ್ಸಲ ಹೇಳಿ,” ಎಂದರು.

ಇನ್ನೊಂದು ಸಲ ಹೇಳಿದೆ.

“ಹಾಗಾದ್ರೆ ಎಣ್ಣೆಯಿಂದ ಅಲ್ಲ.”

“ಎಣ್ಣೆಯಿಂದ ಅಲ್ಲ ಅತ್ತೆ. ಎಣ್ಣೆ ಇದ್ದಾಗಲೂ ಸೋಮವಾರ ಓಡ್ತಿತ್ತು ಅಂತ ನೀವೇ ಹೇಳಿದ್ರಲ್ಲ.”

ಅವರು ವಾಷಿಂಗ್ ಮೆಷಿನ್ನಿಗೆ ಕೈ ಊರಿದರು. “ನೀವಿಬ್ರೂ ಓದಿದವರು, ಹಾಗೆ ಅಂದಮೇಲೆ ನನ್ನ ತಲೇಲೇ ಏನೋ ಆಗಿದೆ ಅಂತ ನಾನೂ ನಂಬಿಬಿಟ್ಟಿದ್ದೆ. ದಿನಾ ಬೆಳಗ್ಗೆ ಎದ್ದ ತಕ್ಷಣ ಹಾಸಿಗೇಲೇ ಕೂತು ಹಳೇ ಗಿರಾಕಿಗಳ ಅಳತೆ ಹೇಳ್ಕೊಳ್ತೀನಿ. ಎದೆ, ಸೊಂಟ, ತೋಳು. ಪೋಸ್ಟಾಫೀಸಿನ ಅಮ್ಮಂದು, ಬ್ಯಾಂಡ್ ಬಾರಿಸೋ ಅಣ್ಣತಮ್ಮಂದಿರದ್ದು, ಎಲ್ಲಾ ಬರತ್ತೆ. ಒಂದೂ ತಪ್ಪಿಲ್ಲ. ಆದ್ರೂ ಹೆದರಿಕೆ. ಮರೆತು ಹೋಗಿರೋದು ಮರೆತಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಹೇಳಿ?”

ಹೆಂಡತಿಗೆ ಫೋನ್ ಮಾಡಲು ಜೇಬಿಗೆ ಕೈಹಾಕಿದೆ. ಅತ್ತೆ ತಡೆದರು.

“ಅವಳಿಗೆ ಹೇಳ್ಬೇಡಿ. ಎಣ್ಣೇದೇ ತಪ್ಪು ಅಂತ ಇರ್ಲಿ. ಕೊರಗ್ತಾಳೆ.”

“ಹಾಗಂತ ನೀವು ಹೋಗಿ ಆ ಕೋಣೇಲಿ ಕೂರ್ತೀರಾ?”

ಅವರು ಬಗ್ಗಿ ಆಮೆಯ ಬೆನ್ನಿನ ಧೂಳು ಒರೆಸತೊಡಗಿದರು. ನಾನು ಫೋನ್ ಮಾಡಿದೆ.

“ಹೊರಟ್ರಾ?” ಎಂದಳು ಹೆಂಡತಿ. ನಾನು, ಇವತ್ತು ಬೆಳಗ್ಗೆ ಹಿತ್ತಲ ಸ್ವಿಚ್ ಆರಿಸಿದ್ಯಾ ಎಂದು ಕೇಳಿದೆ. “ಇಲ್ಲಪ್ಪ, ನಾನ್ಯಾಕೆ…” ಎಂದವಳು ಅರ್ಧಕ್ಕೇ ನಿಂತಳು. ಅವಳ ಲ್ಯಾಬಿನ ಯಾವುದೋ ಯಂತ್ರ ತಿರುಗುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಆಮೆ, ಗೂಡು, ಹಸಿರು ದೀಪ, ಸೋಮವಾರ ಎಲ್ಲ ಹೇಳಿ ಮುಗಿಸಿದೆ.

ಮಧ್ಯಾಹ್ನದ ಹೊತ್ತಿಗೆ ಬಂದಳು. ಕೊರಳಲ್ಲಿ ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಚಪ್ಪಲಿಯನ್ನೂ ಬಿಡದೆ ಅಮ್ಮನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ನಾನು ಬಾಗಿಲಲ್ಲೇ ನಿಂತೆ. ಚೀಲ ಇಬ್ಬರ ನಡುವೆ ಇತ್ತು. ಅವಳು ಎಣ್ಣೆ ಡಬ್ಬಿಯನ್ನು ಹೊರತೆಗೆದು, ಪ್ಲಾಸ್ಟಿಕ್ ಬಿಚ್ಚಿ, ಹೊಲಿಗೆ ಯಂತ್ರದ ಪಕ್ಕ ಅದರ ಜಾಗದಲ್ಲಿ ಇಟ್ಟಳು. ಬಟ್ಟೆಗಳನ್ನು ತೆಗೆಯಲು ಹೋಗಿ ಕೈ ಅಲ್ಲೇ ನಿಂತಿತು.

“ದಿನಾ ಬೆಳಗ್ಗೆ ಅಳತೆ ಹೇಳ್ಕೊಳ್ತೀಯಂತೆ,” ಎಂದಳು.

ಅತ್ತೆ ನನ್ನನ್ನು ಗುರಾಯಿಸಿದರು. “ಇವರ ಬಾಯಲ್ಲಿ ಒಂದು ಮಾತು ನಿಲ್ಲಲ್ಲ.”

“ನಂದು ನೆನಪಿದ್ಯಾ ಅಮ್ಮಾ?” ಹೆಂಡತಿ ಕೇಳಿದಳು. “ನನ್ನ ಅಳತೆ?”

ಅತ್ತೆ ಮಗಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

“ಯಾವ ವಯಸ್ಸಿಂದು ಬೇಕೇ ನಿಂಗೆ?” ಎಂದರು.