ನಾಲ್ಕು ಬೆರಳು ಎತ್ತರ

ಶಿಕಾರಿಪುರದ ನೀಲಾಂಬಿಕ ಸೊರಬದಲ್ಲಿ ಬಸ್ಸಿಳಿದು ಮೆಕ್ಯಾನಿಕ್ ರಾಜಪ್ಪನ ಷೆಡ್ಡಿಗೆ ಬಂದಾಗ ಅವಳ ಲಾರಿ ಆಗಲೇ ಎದ್ದು ನಿಂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿ ಅದು. ಮೊದಲೇ ಎತ್ತರದ್ದು. ಈಗ ಮುಂಭಾಗ ಇನ್ನಷ್ಟು ಮೇಲೆದ್ದು, ಹಳ್ಳ ದಾಟಲು ಸೀರೆ ಎತ್ತಿಕೊಂಡ ಹೆಂಗಸಿನ ಹಾಗೆ ಕಾಣುತ್ತಿತ್ತು.

ರಾಜ್ಯ ಒಂದಾದ ವರ್ಷವೇ ಅವಳ ಗಂಡ ತೋಟಪ್ಪ ತೀರಿಕೊಂಡಿದ್ದ. ಎರಡು ವರ್ಷವಾಗಿತ್ತು. ಲಾರಿ ಮಾರಿಬಿಡು ಎಂದವರ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಜಡೆ, ಹೊಸಬಾಳೆ ಕಡೆಯ ಭತ್ತವನ್ನು ಶಿಕಾರಿಪುರದ ಗಿರಣಿಗೆ ತಾನೇ ಸಾಗಿಸತೊಡಗಿದ್ದಳು. ತೊಂದರೆಯಿದ್ದದ್ದು ಗಾಡಿಜಾಡಿನದು. ಎತ್ತಿನ ಗಾಡಿಗಳು ಕೊರೆದ ಜಾಡಿನಲ್ಲಿ ಲಾರಿ ಇಳಿದರೆ ನಡುವಿನ ದಿಣ್ಣೆ ಎಂಜಿನ್ನಿನ ತಳಕ್ಕೆ ಬಡಿಯುತ್ತಿತ್ತು.

"ಮುಂದಿನ ಕಮಾನು ನಾಲ್ಕು ಬೆರಳು ಎತ್ತರಿಸಿದ್ರ ಸಾಕ್ರೀ ಅಮ್ಮಾರೆ, ಸುಗ್ಗಿ ಪೂರ್ತಿ ಆರಾಮಾಗಿ ಓಡ್ತೈತಿ" ಎಂದವನು ಡ್ರೈವರ್ ಹನುಮಂತಪ್ಪ. ರಾಜಪ್ಪನ ಹೆಸರು ಹೇಳಿದ್ದೂ ಅವನೇ. ಅವಳ ತಲೆಯಲ್ಲಿ ಹುಳ ಹೊಕ್ಕಿದ್ದು ಆಗಲೇ. ಊರಲ್ಲೇ ಕಲ್ಲಪ್ಪನ ಕುಲುಮೆ ಇರುವಾಗ ಸೊರಬವೇ ಯಾಕೆ? ಲಾರಿ ಹೊರಡುವ ಮುನ್ನ ಅವಳು ಸುಮ್ಮನೆ ಕೆಳಗೆ ಬಗ್ಗಿ, ಕಮಾನಿನಲ್ಲಿ ಒಂದರ ಮೇಲೊಂದು ಜೋಡಿಸಿದ್ದ ಉಕ್ಕಿನ ಪಟ್ಟಿಗಳನ್ನು ಎಣಿಸಿಟ್ಟುಕೊಂಡಿದ್ದಳು. ಏಳು.

"ನೀವ್ಯಾಕೆ ಬರಕ್ಕೆ ಹೋದ್ರಿ ಅಮ್ಮಾ? ಹನುಮಂತಪ್ಪನೇ ತರ್ತಿದ್ದ" ಎಂದು ರಾಜಪ್ಪ ಸ್ಟೂಲು ಒರೆಸಿಕೊಟ್ಟ. "ಕೆಲ್ಸ ಮುಗೀತು. ಒಂದೊಂದು ಕಡೆಗೆ ಎರಡೆರಡು ಹೊಸ ಪಟ್ಟಿ ಹಾಕಿದೀನಿ. ಒಳ್ಳೆ ಉಕ್ಕು."

ನೀಲಾಂಬಿಕ ಕೂರಲಿಲ್ಲ. ಗಾಲಿಯ ಪಕ್ಕ ಬಗ್ಗಿದಳು. ಒಂಬತ್ತು ಇರಬೇಕಿತ್ತು. ಎರಡು ಸಲ ಎಣಿಸಿದರೂ ಏಳೇ. ಕಮಾನಿಗೂ ಅಚ್ಚಿಗೂ ನಡುವೆ ಮಾತ್ರ ಕಪ್ಪು ಬಣ್ಣ ಬಳಿದ ದಪ್ಪನೆಯ ತುಂಡೊಂದು ಕೂತಿತ್ತು. ಬಣ್ಣ ಇನ್ನೂ ಆರಿರಲಿಲ್ಲ. ಸೊಂಟದ ಬೀಗದ ಕೈ ತೆಗೆದು ಗೀರಿದಳು. ಬಣ್ಣದಡಿಯಿಂದ ಮರದ ನಾರು ಎದ್ದುಬಂತು.

ಅವಳು ಕೂಗಾಡಲಿಲ್ಲ. ಎದ್ದು ಕೈ ಒರೆಸಿಕೊಂಡಳು. ಬಾನೆಟ್ಟಿನ ಹತ್ತಿರ ನಿಂತಿದ್ದ ಹನುಮಂತಪ್ಪ ಅವಳ ಕಣ್ಣು ತಪ್ಪಿಸಿ ಎತ್ತಲೋ ನೋಡುತ್ತಿದ್ದ. ಇವನೂ ಸೇರಿದ್ದಾನೆಯೇ? ತೋಟಪ್ಪನ ಕಾಲದಿಂದ ಇದ್ದವನು, ಮನೆಯ ಜಗಲಿಯಲ್ಲಿ ಉಂಡವನು.

"ರಾಜಪ್ಪನೋರೆ, ನೀವೂ ಬರ್ರಿ. ಜಡೆಗೆ ಹೋಗಿ ಲೋಡು ಹಾಕ್ಕೊಂಡು ಬರೋಣ. ಮುಂದ ನನ್ನ ಪಕ್ಕದಾಗ ಕೂಡ್ರಿ."

ರಾಜಪ್ಪನ ನಗು ಇಳಿಯಿತು. "ಇವತ್ತಾ? ಅಮಾಸೆ ಅಲ್ವಾ ಅಮ್ಮಾ... ಗಿರಾಕಿಗಳೂ ಬರೋರಿದಾರೆ."

ಅವಳು ಡ್ರೈವರನ ಕಡೆ ತಿರುಗಿದಳು. "ನೀನು?"

"ನನ್ನೇನ್ ಕೇಳ್ತೀರಿ, ನಡೀರಿ" ಎಂದ ಹನುಮಂತಪ್ಪ ಹತ್ತಿ ಕೂತೇಬಿಟ್ಟ. ಎಂಜಿನ್ ಗುಡುಗಿತು. ಅವನ ಕೈ ಗೇರಿಗೆ ಹೋಗುವಷ್ಟರಲ್ಲಿ ನೀಲಾಂಬಿಕ ಬಾಗಿಲು ಬಡಿದಳು. "ಬಂದ್ ಮಾಡು. ಇಳಿದು ಕೆಳಗ ನೋಡು."

ಲಾರಿಯಡಿ ತೂರಿ ಹೊರಬಂದವನ ಮುಖ ಕೆಂಪಾಗಿತ್ತು. "ಕಟ್ಟಿಗಿ ಇಟ್ಟಾನ್ರೀ! ಲೋಡಿನ್ಯಾಗ ಇದು ಸೀಳಿದ್ರ ಅಚ್ಚು ಜಾರತೈತಿ, ಸ್ಟೇರಿಂಗು ಕೈಗೆ ಸಿಗಂಗಿಲ್ಲ" ಎನ್ನುತ್ತ ರಾಜಪ್ಪನ ಅಂಗಿ ಹಿಡಿದ.

"ಉಕ್ಕು ಸಿಗ್ಲಿಲ್ಲ ಮಾರಾಯ! ಬೀಟೆ ಮರ ಅದು, ಕಬ್ಬಿಣದಷ್ಟೇ ಗಟ್ಟಿ."

"ಹಂಗಾರ ಹತ್ತಿ ಕೂಡ್ರಿ" ಎಂದಳು ನೀಲಾಂಬಿಕ. ರಾಜಪ್ಪ ಹತ್ತಲಿಲ್ಲ.

ಅಲ್ಲೇ ತುಂಡುಗಳನ್ನು ತೆಗೆಸಿ, ಮೊದಲಿನಂತೆ ಬಿಗಿಸಿಕೊಂಡು ಖಾಲಿ ಲಾರಿಯಲ್ಲಿ ಊರಿಗೆ ಬಂದರು. ಶಿವಮೊಗ್ಗದಿಂದ ಹಳೆ ಲಾರಿಯ ಉಕ್ಕಿನ ಪಟ್ಟಿಗಳನ್ನು ತರಿಸಿದ್ದಾಯಿತು. ಕಲ್ಲಪ್ಪ ಅವನ್ನು ಹದ ಮಾಡಿ ಬಾಗಿಸಿ, ಒಂದೊಂದು ಕಡೆಗೆ ಎರಡೆರಡು ಸೇರಿಸಿ, ಉದ್ದನೆಯ ಬೋಲ್ಟು ಹಾಕಿದ. ಗಾಲಿ ಅತ್ತಿತ್ತ ಎಳೆಯಬಾರದೆಂದು ಅಚ್ಚಿನ ಮೇಲೆ ಕಬ್ಬಿಣದ ಬೆಣೆ ಕೂರಿಸಿದ. ಮೂರು ದಿನವೂ ನೀಲಾಂಬಿಕ ಕುಲುಮೆಯ ಮುಂದೆಯೇ ಕೂತಿದ್ದಳು.

ಜಡೆಯ ಜಾಡಿನಲ್ಲಿ ದಿಣ್ಣೆ ಎಂಜಿನ್ನಿನ ತಳಕ್ಕೆ ತಾಗದೆ ಹಿಂದೆ ಸರಿದಾಗ ಇಬ್ಬರೂ ಉಸಿರು ಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ ಹನುಮಂತಪ್ಪ ಕೇಳಿದ.

"ಅಮ್ಮಾರೆ, ನಾನೂ ಅವನ ಜೋಡಿ ಸೇರೀನಿ ಅಂತ ಅನುಮಾನ ಇತ್ತಲ್ರೀ ನಿಮಗ?"

ಇಲ್ಲ ಎನ್ನಬಹುದಿತ್ತು. "ಇತ್ತು" ಎಂದಳು. "ಕೆಳಗ ಮರ ಐತಿ ಅಂತ ಗೊತ್ತಿದ್ದೇ ನಿನ್ನ ಹತ್ತಿಸಿದೆ."

"ಸೊರಬದಾಗ ನನ್ನ ತಂಗಿ ಅದಾಳ್ರೀ. ಕೆಲಸದ ನೆಪದಾಗ ಎರಡು ದಿನ ಅವಳ ಮನ್ಯಾಗ ಇದ್ದು ಬರೋಣ ಅಂತ ಆ ಷೆಡ್ಡಿನ ಹೆಸರು ಹೇಳಿದ್ದೆ. ಕೆಲಸದ ಮುಂದ ನಿಲ್ಲಲಿಲ್ಲ. ಅದಕ್ಕ ನಿಮ್ಮ ಮುಖ ನೋಡಾಕ ಆಗಲಿಲ್ಲ. ಅಷ್ಟೇ ನನ್ನ ತಪ್ಪು."

 ರಜೆ ಕೇಳಿದ್ದರೆ ಕೊಡುತ್ತಿದ್ದೆನೇ ಎಂದು ನೀಲಾಂಬಿಕ ತನ್ನನ್ನೇ ಕೇಳಿಕೊಂಡಳು. ಸುಗ್ಗಿಯಲ್ಲಿ ಕೊಡುತ್ತಿರಲಿಲ್ಲ.

"ಸುಗ್ಗಿ ಮುಗಿಸಿ ಕೆಲಸ ಬಿಡ್ತೀನ್ರೀ" ಎಂದ ಅವನು, ರಸ್ತೆಯಿಂದ ಕಣ್ಣು ತೆಗೆಯದೆ.

ಆಡಿದ ಹಾಗೇ ನಡೆದುಕೊಂಡ. ಒಂದು ಮೂಟೆಯೂ ಕಡಿಮೆಯಾಗದಂತೆ ಭತ್ತ ಸಾಗಿಸಿ, ಯುಗಾದಿಗೆ ಮುಂಚೆ ಶಿವಮೊಗ್ಗದ ಬಸ್ಸೊಂದಕ್ಕೆ ಸೇರಿಕೊಂಡ. ಹೊರಡುವ ದಿನ ಹೊಸ ಡ್ರೈವರ್ ಯಲ್ಲಪ್ಪನನ್ನು ಲಾರಿಯಡಿ ಕರೆದೊಯ್ದು ಒಂದೊಂದು ಬೋಲ್ಟನ್ನೂ ಮುಟ್ಟಿ ತೋರಿಸಿದ. ನೀಲಾಂಬಿಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.